ಒಡೆದ ಅಂಚು, ಬಾಗಿದ ಬೆಟ್ಟ

ನಮ್ಮ ಕೂಟದ ಬಹುಪಾಲು ಕುಟುಂಬಗಳು ವರ್ಷಕ್ಕೊಮ್ಮೆಯಾದರೂ ಪಿಟ್ಸ್‌ಬರ್ಗಿನ ವೆಂಕಟೇಶ್ವರನ ದರ್ಶನಕ್ಕೆ ಹೋಗಿಬರುವುದುಂಟು. ಹ್ಯಾರಿಸ್‌ಬರ್ಗ್ ಕಡೆಯಿಂದ ಪಶ್ಚಿಮಕ್ಕೆ ಟರ್ನ್‌ಪೈಕ್ ಹಿಡಿದರೆ ಒಂದರ ಹಿಂದೆ ಒಂದು ಬೆಟ್ಟ ಅಡ್ಡ ನಿಲ್ಲುತ್ತದೆ. ಬ್ಲೂ ಮೌಂಟನ್, ಕಿಟಟಿನಿ, ಟಸ್ಕರೋರ, ಕೊನೆಗೆ ಅಲಿಘೇನಿ; ನಾಲ್ಕು ಬೆಟ್ಟಕ್ಕೆ ನಾಲ್ಕು ಸುರಂಗ. ನಮ್ಮ ಮಲೆನಾಡಿನ ಗುಡ್ಡಗಳಂತೆ ಒಂದೊಂದಕ್ಕೆ ಒಂದೊಂದು ರೂಪವಿಲ್ಲ ಇವಕ್ಕೆ. ಎಲ್ಲವೂ ಗೋಡೆ ಕಟ್ಟಿದ ಹಾಗೆ ಉದ್ದಕ್ಕೆ, ನೆತ್ತಿ ಮಟ್ಟಸವಾಗಿ, ಒಂದರ ಪಕ್ಕ ಒಂದು ಮಲಗಿವೆ.

ಮನೆಯಲ್ಲಿ ಅಮೆರಿಕದ ಭೂಪಟವಿದ್ದರೆ ದಯವಿಟ್ಟು ಒಮ್ಮೆ ಬಿಡಿಸಿ ನೋಡಿ. ಅಪಲೇಶಿಯನ್ ಬೆಟ್ಟಸಾಲು ಅಲಬಾಮಾದಿಂದ ಹೊರಟು ಈಶಾನ್ಯಕ್ಕೆ ಹೋಗುತ್ತದೆ. ಆದರೆ ನೆಟ್ಟಗೆ ಹೋಗುವುದಿಲ್ಲ. ವರ್ಜೀನಿಯಾದ ರೋನೋಕ್ ಊರಿನ ಹತ್ತಿರ ಒಂದು ತಿರುವು. ಪೆನ್ಸಿಲ್ವೇನಿಯಾದ ನಡುವೆ ಬಿಲ್ಲು ಬಗ್ಗಿಸಿದಂತೆ ಪಶ್ಚಿಮೋತ್ತರಕ್ಕೆ ಉಬ್ಬಿದ ದೊಡ್ಡ ಬಾಗು. ನ್ಯೂಯಾರ್ಕಿನ ಬಳಿ ಬರುವ ಹೊತ್ತಿಗೆ ಅಷ್ಟು ಅಗಲವಾಗಿದ್ದ ಸಾಲು ಕಿರಿದಾಗಿ ಹಿಂದೆ ಸರಿಯುತ್ತದೆ. ಈ ಅಂಕುಡೊಂಕು ಎಲ್ಲಿಂದ ಬಂತು?

ಡಾಕ್ಟರಿಗೆ ಕಲ್ಲಿನ ಸಮಾಚಾರ ಯಾಕೆ ಎಂದು ಕೆಲವರು ಕೇಳಬಹುದು. ವೃತ್ತಿಯಿಂದ ನಮಗೆ ಪರಿಚಯವಿರುವ ಕಲ್ಲುಗಳು ಎರಡೇ, ಮೂತ್ರಪಿಂಡದ್ದು ಮತ್ತು ಪಿತ್ತಕೋಶದ್ದು. ಆದರೂ ರೋಗಿಯ ಇಂದಿನ ನೋವಿಗೆ ಹಳೆಯ ಪೆಟ್ಟೊಂದು ಕಾರಣವಿರಬಹುದೇ ಎಂದು ಕೇಳುವುದು ವೈದ್ಯರ ಅಭ್ಯಾಸ. ಈ ಬೆಟ್ಟಗಳ ವಿಷಯದಲ್ಲಿ ಭೂವಿಜ್ಞಾನಿಗಳು ಮಾಡಿದ್ದೂ ಅದನ್ನೇ. ಹಳೆಯ ಪೆಟ್ಟನ್ನು ಹುಡುಕಲು ಅವರಿಗೆ ಸುಮಾರು ನೂರನಲವತ್ತು ವರ್ಷ ಹಿಡಿಯಿತು. ಆ ಹುಡುಕಾಟದ ಕಥೆಯನ್ನು, ಅದು ನಮ್ಮ ಮನೆಯ ಗೋಡೆಯವರೆಗೆ ಹೇಗೆ ಬಂದು ಮುಟ್ಟುತ್ತದೆ ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಕಥೆ ಆರಂಭವಾಗುವುದು ಇಬ್ಬರು ಅಣ್ಣತಮ್ಮಂದಿರಿಂದ. ವಿಲಿಯಂ ಬಾರ್ಟನ್ ರಾಜರ್ಸ್ 1835ರಲ್ಲಿ ವರ್ಜೀನಿಯಾ ರಾಜ್ಯದ ಭೂಸಮೀಕ್ಷೆಯ ಹೊಣೆ ಹೊತ್ತರು. ತಮ್ಮ ಹೆನ್ರಿ ಡಾರ್ವಿನ್ ರಾಜರ್ಸ್ 1836ರಲ್ಲಿ ಪೆನ್ಸಿಲ್ವೇನಿಯಾದ ಹೊಣೆ ಹೊತ್ತರು. (ಮುಂದೆ ಎಂ.ಐ.ಟಿ. ಸ್ಥಾಪಿಸಿದವರು ಇದೇ ವಿಲಿಯಂ ರಾಜರ್ಸ್. ಇವರ ತಂದೆ ವೈದ್ಯಪದವಿ ಪಡೆದವರು ಎಂಬುದನ್ನು ನಾವು ಸ್ವಲ್ಪ ಹೆಮ್ಮೆಯಿಂದಲೇ ಸೇರಿಸುತ್ತೇವೆ.) ರಾಜ್ಯ ಸರಕಾರಗಳಿಗೆ ಬೇಕಾಗಿದ್ದದ್ದು ಕಲ್ಲಿದ್ದಲು, ಕಬ್ಬಿಣ, ಸುಣ್ಣಕಲ್ಲು ಎಲ್ಲಿದೆ ಎಂಬ ಮಾಹಿತಿ. ಸಹೋದರರು ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ ಕಣಿವೆ ಕಣಿವೆ ಅಲೆದು ಅದನ್ನೂ ಕೊಟ್ಟರು, ಇನ್ನೂ ದೊಡ್ಡದೊಂದನ್ನೂ ಕಂಡರು. ಈ ಬೆಟ್ಟಗಳು ಬಿಡಿಬಿಡಿ ಗುಡ್ಡಗಳಲ್ಲ. ಒಂದೇ ಕಲ್ಲಿನ ಹಾಸು ಸೀರೆಯ ನೆರಿಗೆಯಂತೆ ಮಡಿಚಿಕೊಂಡಿದೆ. ಗಟ್ಟಿ ಮರಳುಗಲ್ಲಿನ ಪದರ ಬೆಟ್ಟವಾಗಿ ನಿಂತಿದೆ, ಮೆದು ಪದರ ಸವೆದು ಕಣಿವೆಯಾಗಿದೆ. ಮಡಿಕೆಗಳ ವಾಯವ್ಯದ ಮಗ್ಗುಲು ಹೆಚ್ಚು ಕಡಿದಾಗಿರುವುದನ್ನೂ ಅವರು ಗುರುತಿಸಿದರು. ಅಂದರೆ ತಳ್ಳಿದ ಕೈ ಇದ್ದದ್ದು ಆಗ್ನೇಯದ ಕಡೆ, ಇಂದಿನ ಅಟ್ಲಾಂಟಿಕ್ ಸಮುದ್ರದ ಕಡೆ.

ತಳ್ಳಿದವರು ಯಾರು ಎಂಬ ಪ್ರಶ್ನೆಗೆ ಮಾತ್ರ ಅವರು 1842ರಲ್ಲಿ ಬಾಸ್ಟನ್ನಿನ ಸಭೆಯಲ್ಲಿ ಕೊಟ್ಟ ಉತ್ತರ ಉಳಿಯಲಿಲ್ಲ. ಭೂಮಿಯ ತೊಗಟೆಯ ಕೆಳಗಿರುವ ಕರಗಿದ ದ್ರವದಲ್ಲಿ ಅಲೆಗಳೆದ್ದು ಮೇಲಿನ ಕಲ್ಲು ಅಲೆಯ ಆಕಾರದಲ್ಲೇ ಗಟ್ಟಿಯಾಯಿತು ಎಂದು ಅವರು ನಂಬಿದ್ದರು. ಕಣ್ಣಿಗೆ ಕಂಡದ್ದು ಸರಿ, ಕಾರಣ ತಪ್ಪು. ವೈದ್ಯಶಾಸ್ತ್ರದ ಇತಿಹಾಸದಲ್ಲೂ ಇಂಥ ಉದಾಹರಣೆಗಳಿಗೆ ಕೊರತೆಯಿಲ್ಲ ಬಿಡಿ.

ಎರಡನೆಯ ಸುಳಿವು ಕೊಟ್ಟವರು ನ್ಯೂಯಾರ್ಕ್ ರಾಜ್ಯದ ಜೇಮ್ಸ್ ಹಾಲ್. 1857ರಲ್ಲಿ ಮಾಂಟ್ರಿಯಲ್‌ನ ಸಭೆಯಲ್ಲಿ ಅವರು ಒಂದು ಲೆಕ್ಕ ಮುಂದಿಟ್ಟರು. ಅಪಲೇಶಿಯನ್ ಬೆಟ್ಟಗಳಲ್ಲಿ ಕೆಸರು, ಮರಳು, ಸುಣ್ಣದಿಂದಾದ ಪದರಗಳ ದಪ್ಪ ಹತ್ತಾರು ಸಾವಿರ ಅಡಿ. ಅದೇ ಕಾಲದ ಪದರಗಳು ಮಿಸಿಸಿಪ್ಪಿ ಕಣಿವೆಯಲ್ಲಿ ಅದರ ಸಣ್ಣ ಪಾಲು ಮಾತ್ರ. ಅಷ್ಟೇ ಅಲ್ಲ, ಈ ದಪ್ಪ ಪದರಗಳಲ್ಲಿ ಕೆಳಗಿನಿಂದ ಮೇಲಿನವರೆಗೂ ತೆಳ್ಳಗಿನ ನೀರಿನ ಗುರುತುಗಳೇ ಕಾಣುತ್ತವೆ. ನೀರು ಆಳವಿಲ್ಲದೆ ಇಷ್ಟು ಕೆಸರು ಹಿಡಿಯಬೇಕಾದರೆ ಸಮುದ್ರದ ತಳ ನಿಧಾನವಾಗಿ ಕುಸಿಯುತ್ತಲೇ ಇದ್ದಿರಬೇಕು. ಎಲ್ಲಿ ಪದರ ದಪ್ಪವಾಯಿತೋ ಅಲ್ಲೇ ಮುಂದೆ ಬೆಟ್ಟ ಎದ್ದಿತು ಎಂದರು ಹಾಲ್. ಆದರೆ ದಪ್ಪ ಕೆಸರು ಏಕೆ ಮೇಲೇಳಬೇಕು? ಯೇಲ್ ವಿಶ್ವವಿದ್ಯಾಲಯದ ಜೇಮ್ಸ್ ಡ್ವೈಟ್ ಡೇನಾ, ಬೆಟ್ಟದ ಹುಟ್ಟಿನ ಈ ಸಿದ್ಧಾಂತದಲ್ಲಿ ಬೆಟ್ಟದ ಹುಟ್ಟೊಂದೇ ಬಿಟ್ಟುಹೋಗಿದೆ ಎಂದು ಕುಟುಕಿದರು. ತಳ ಏಕೆ ಕುಸಿಯಿತು, ಕುಸಿತ ಅಲ್ಲೇ ಏಕೆ ಆಯಿತು ಎಂಬುದು ಮುಂದಿನ ನೂರು ವರ್ಷ ಹಾಗೇ ಉಳಿಯಿತು.

ಖಂಡಗಳೇ ಚಲಿಸುತ್ತವೆ ಎಂದು ಜರ್ಮನಿಯ ಆಲ್ಫ್ರೆಡ್ ವೇಗನರ್ 1912ರಲ್ಲಿ ಹೇಳಿದರು. ಅವರು ಹವಾಮಾನಶಾಸ್ತ್ರಜ್ಞರು; ಭೂವಿಜ್ಞಾನಿಗಳಲ್ಲಿ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1960ರ ದಶಕದಲ್ಲಿ ಸಾಗರತಳದ ಸಾಕ್ಷ್ಯ ಸಿಕ್ಕ ಮೇಲೆ ಗಾಳಿ ತಿರುಗಿತು. 1966ರಲ್ಲಿ ಕೆನಡಾದ ಜೆ. ಟೂಜೊ ವಿಲ್ಸನ್ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು ಲೇಖನ ಬರೆದರು: ಅಟ್ಲಾಂಟಿಕ್ ಸಾಗರ ಹಿಂದೊಮ್ಮೆ ಮುಚ್ಚಿಕೊಂಡು ಮತ್ತೆ ತೆರೆಯಿತೇ? ಅವರ ಸಾಕ್ಷಿ ಟ್ರೈಲೋಬೈಟ್ ಎಂಬ ಜೀವಿಯ ಪಳೆಯುಳಿಕೆ. ಸುಮಾರು ಐವತ್ತು ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಹರಿದಾಡುತ್ತಿದ್ದ ಈ ಜೀವಿಗಳಲ್ಲಿ ಎರಡು ಬಳಗಗಳಿದ್ದವು, ಒಂದು ಅಮೆರಿಕದ್ದು, ಇನ್ನೊಂದು ಯೂರೋಪಿನದು. ಆದರೆ ಬಾಸ್ಟನ್ ಸುತ್ತಮುತ್ತ ಮತ್ತು ನ್ಯೂಫೌಂಡ್‌ಲ್ಯಾಂಡಿನ ಪೂರ್ವಭಾಗದಲ್ಲಿ ಸಿಗುವುದು ಯೂರೋಪಿನ ಬಳಗ. ಸ್ಕಾಟ್‌ಲ್ಯಾಂಡಿನಲ್ಲಿ ಸಿಗುವುದು ಅಮೆರಿಕದ ಬಳಗ! ವಿಲ್ಸನ್ನರ ವಿವರಣೆ ಸರಳ. ಇಂದಿನ ಅಟ್ಲಾಂಟಿಕ್‌ಗಿಂತ ಮುಂಚೆ ಇಲ್ಲಿ ಇನ್ನೊಂದು ಸಾಗರವಿತ್ತು. ಅದು ಮುಚ್ಚಿಕೊಂಡು ಎರಡು ದಡಗಳು ಒಂದಾದವು. ಮತ್ತೆ ಸೀಳಿದಾಗ ಸೀಳು ಸರಿಯಾಗಿ ಹಳೆಯ ಹೊಲಿಗೆಯ ಮೇಲೆಯೇ ಹೋಗಲಿಲ್ಲ. ಅತ್ತಲ ಚೂರು ಇತ್ತ, ಇತ್ತಲ ಚೂರು ಅತ್ತ ಉಳಿಯಿತು. ಆ ಹಳೆಯ ಸಾಗರಕ್ಕೆ 1972ರಲ್ಲಿ 'ಅಯಾಪೆಟಸ್' ಎಂದು ಹೆಸರಿಟ್ಟರು. ಗ್ರೀಕ್ ಪುರಾಣದಲ್ಲಿ ಅಯಾಪೆಟಸ್ ಅಟ್ಲಸ್‌ನ ತಂದೆ. ಅಟ್ಲಾಂಟಿಕ್ ಎಂಬ ಹೆಸರು ಬಂದದ್ದು ಅಟ್ಲಸ್‌ನಿಂದ. ಅಪ್ಪನ ಜಾಗದಲ್ಲಿ ಮಗ ಬಂದ ಹಾಗಾಯಿತು.

ಈಗ ಹಾಲ್ ಕೇಳಿಸಿದ ಪ್ರಶ್ನೆಗೆ ಉತ್ತರ ದೊರೆಯಿತು. ಸುಮಾರು ನೂರು ಕೋಟಿ ವರ್ಷದ ಹಿಂದೆ ಭೂಮಿಯ ನೆಲಭಾಗಗಳು ಕೂಡಿ ರೊಡಿನಿಯಾ ಎಂಬ ಮಹಾಖಂಡವಾಗಿದ್ದವು. ಅದು ಸೀಳತೊಡಗಿತು. ಇಂದಿನ ವರ್ಜೀನಿಯಾದ ಭಾಗದಲ್ಲಿ ಮೊದಲೊಮ್ಮೆ ಸೀಳು ಶುರುವಾಗಿ ಅರ್ಧಕ್ಕೇ ನಿಂತಿತು. ಸುಮಾರು 57 ಕೋಟಿ ವರ್ಷದ ಹಿಂದೆ ಎರಡನೆಯ ಸಲ ನಿಜವಾಗಿ ಬಿಟ್ಟುಕೊಂಡಿತು. ನೆಲ ಎಳೆದಂತೆ ತೆಳ್ಳಗಾಯಿತು, ಬಿರುಕುಗಳಗುಂಟ ತುಂಡುತುಂಡಾಗಿ ಕೆಳಗೆ ಜಾರಿತು, ಸಂದಿಗಳಲ್ಲಿ ಲಾವಾ ಉಕ್ಕಿ ಹರಿಯಿತು. ಹೀಗೆ ಕಲ್ಲು ಒಡೆದು ಒಂದು ಮಗ್ಗುಲು ಜಾರಿದ ಬಿರುಕಿಗೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಸ್ತರಭಂಗ ಎನ್ನುತ್ತಿದ್ದರು. ಸಾಗರ ಅಗಲವಾದ ಮೇಲೆ ಬಿಸಿಯಾಗಿದ್ದ ಆ ತೆಳು ಅಂಚು ತಣ್ಣಗಾಗುತ್ತಾ ಕುಸಿಯಿತು, ಅದರ ಮೇಲೆ ಕೆಸರು ತುಂಬುತ್ತಾ ಹೋಯಿತು. ಹಾಲ್ ಅಳೆದ ದಪ್ಪ ಪದರ ಅದೇ.

ಆ ಲಾವಾ ಇಂದಿಗೂ ಇದೆ. ಶೆನಂಡೋವಾ ರಾಷ್ಟ್ರೀಯ ಉದ್ಯಾನದ ಸ್ಕೈಲೈನ್ ಡ್ರೈವ್ ಪಕ್ಕದಲ್ಲಿ ಕಾಂಪ್ಟನ್ ಪೀಕ್ ಎಂಬ ಶಿಖರವಿದೆ. ಅಲ್ಲಿ ಆರಿದ ಲಾವಾ ಜೇನುಹುಟ್ಟಿನ ಕೋಣೆಗಳಂತೆ ಮೂಲೆಮೂಲೆಯ ಕಂಬಗಳಾಗಿ ನಿಂತಿದೆ. ಇದನ್ನು ನೋಡಿದ ಉಡುಪಿಯವರಿಗೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ ನೆನಪಾಗದಿರದು. ಹೋಲಿಕೆ ಬರೀ ಕಣ್ಣಿನದಲ್ಲ. ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 9 ಕೋಟಿ ವರ್ಷದ ಹಿಂದೆ, ಉಕ್ಕಿದ ಲಾವಾ ಮಲ್ಪೆಯದು. ಎರಡೂ ಖಂಡ ಸೀಳಿದಾಗಿನ ಗುರುತು. ವ್ಯತ್ಯಾಸ ಇಷ್ಟೇ: ನಮ್ಮ ಸಹ್ಯಾದ್ರಿ ಸೀಳಿದ ಅಂಚಾಗಿಯೇ ಉಳಿದಿದೆ, ಅದಕ್ಕೆ ಇನ್ನೊಂದು ಖಂಡ ಬಂದು ಢಿಕ್ಕಿ ಹೊಡೆದಿಲ್ಲ. ಅಪಲೇಶಿಯನ್ ಅಂಚಿಗೆ ಹೊಡೆಯಿತು. ಸುಮಾರು 45 ಕೋಟಿ ವರ್ಷದ ಹಿಂದಿನಿಂದ ದ್ವೀಪಮಾಲೆಗಳು, ಸಣ್ಣ ಭೂಭಾಗಗಳು ಒಂದೊಂದಾಗಿ ಬಂದು ಅಂಟಿಕೊಂಡವು. ಕೊನೆಗೆ ಸುಮಾರು 32ರಿಂದ 26 ಕೋಟಿ ವರ್ಷದ ಹಿಂದಿನ ಅವಧಿಯಲ್ಲಿ ಆಫ್ರಿಕವೇ ಬಂದು ಒತ್ತಿತು. ರಾಜರ್ಸ್ ಸಹೋದರರು ಹುಡುಕಿದ ಕೈ ಅದು.

ಇಷ್ಟಾದರೂ ಬೆಟ್ಟ ಏಕೆ ಬಾಗಿತು ಎಂಬುದು ಉಳಿಯಿತಲ್ಲ? ಅದಕ್ಕೆ ಉತ್ತರ ಕೊಟ್ಟವರು ವಿಲಿಯಂ ಎ. ಥಾಮಸ್ ಎಂಬ ಭೂವಿಜ್ಞಾನಿ. ಅವರ ಲೇಖನ 'ಅಮೆರಿಕನ್ ಜರ್ನಲ್ ಆಫ್ ಸೈನ್ಸ್' ಪತ್ರಿಕೆಯಲ್ಲಿ 1977ರಲ್ಲಿ ಬಂತು. ಜೋಳದ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಮುರಿಯಿರಿ, ಅಂಚು ಗೆರೆ ಎಳೆದಂತೆ ಬರುವುದಿಲ್ಲ. ಒಂದು ಕಡೆ ಮೂತಿ ಮುಂದೆ ಚಾಚಿರುತ್ತದೆ, ಇನ್ನೊಂದು ಕಡೆ ಒಳಗೆ ಕಚ್ಚಿದಂತಿರುತ್ತದೆ. ರೊಡಿನಿಯಾ ಮುರಿದಾಗಲೂ ಹಾಗೇ ಆಯಿತು. ಸೀಳು ಸ್ವಲ್ಪ ದೂರ ಒಂದು ಗೆರೆಯಲ್ಲಿ ಹೋಗಿ, ಅಡ್ಡ ಬಿರುಕೊಂದರಗುಂಟ ಪಕ್ಕಕ್ಕೆ ಹಾರಿ, ಮತ್ತೆ ಮುಂದುವರಿಯಿತು. ಹೀಗಾಗಿ ಅಮೆರಿಕದ ಹಳೆಯ ದಂಡೆಯಲ್ಲಿ ಚಾಚುಗಳೂ ಕೊಲ್ಲಿಗಳೂ ಉಂಟಾದವು. ಅಲಬಾಮಾದಲ್ಲಿ ಚಾಚು, ಟೆನೆಸಿಯಲ್ಲಿ ಕೊಲ್ಲಿ, ವರ್ಜೀನಿಯಾದಲ್ಲಿ ಚಾಚು, ಪೆನ್ಸಿಲ್ವೇನಿಯಾದಲ್ಲಿ ಕೊಲ್ಲಿ, ನ್ಯೂಯಾರ್ಕಿನಲ್ಲಿ ಮತ್ತೆ ಚಾಚು.

ಇನ್ನು ಬೆಟ್ಟ ಎಲ್ಲಿ ಯಾವ ಕಡೆ ಬಾಗಿದೆ ನೋಡಿ. ಕೊಲ್ಲಿ ಇದ್ದಲ್ಲೆಲ್ಲ ಬೆಟ್ಟಸಾಲು ಒಳನಾಡಿನ ಕಡೆ ಉಬ್ಬಿದೆ, ಚಾಚು ಇದ್ದಲ್ಲೆಲ್ಲ ಒಳಸರಿದಿದೆ. ಮನೆಯಲ್ಲಿ ಜಮಖಾನೆಯನ್ನು ಗೋಡೆಯ ಕಡೆ ತಳ್ಳಿದರೆ ಇದು ಅರ್ಥವಾಗುತ್ತದೆ. ಗೋಡೆಯ ಮೂಲೆ ಮುಂದೆ ಬಂದಲ್ಲಿ ಜಮಖಾನೆ ಬೇಗ ತಡೆದು ಒತ್ತೊತ್ತಾಗಿ ನಿಲ್ಲುತ್ತದೆ. ಗೋಡೆ ಹಿಂದೆ ಸರಿದಲ್ಲಿ ಒಳಗೆ ನುಗ್ಗಿ ಅಗಲವಾಗಿ ನೆರಿಗೆಯಾಗುತ್ತದೆ. ಜೊತೆಗೆ ಕೊಲ್ಲಿಗಳಲ್ಲಿ ಕೆಸರಿನ ಪದರವೂ ದಪ್ಪ. ದಪ್ಪ ಪದರದ ತಳದಲ್ಲಿ ಮೆದು ಜೇಡಿಕಲ್ಲು ಇದ್ದರೆ ಮೇಲಿನ ಹಾಸು ಬಹುದೂರ ಜಾರುತ್ತದೆ. ಪೆನ್ಸಿಲ್ವೇನಿಯಾದ ಆ ಬಿಲ್ಲಿನಾಕಾರದ ಬಾಗು, 57 ಕೋಟಿ ವರ್ಷದ ಹಿಂದೆ ಒಡೆದ ಒಂದು ಕಡಲಂಚಿನ ಅಚ್ಚು. ಆ ಸಾಗರವೂ ಇಲ್ಲ, ಆ ದಂಡೆಯೂ ಕಾಣುವುದಿಲ್ಲ. ಅದರ ಆಕಾರ ಮಾತ್ರ ಬೆಟ್ಟದ ಮೇಲೆ ಉಳಿದಿದೆ.

ನಂಬದವರಿಗೆ ಇನ್ನೊಂದು ಪರೀಕ್ಷೆಯೂ ನಡೆಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ಮುಂದಾಳ್ತನದಲ್ಲಿ ದೊಡ್ಡ ಲಾರಿಗಳಿಂದ ನೆಲವನ್ನು ನಡುಗಿಸಿ, ಆಳದ ಪದರಗಳಿಂದ ಮರಳಿ ಬಂದ ಮಾರ್ದನಿಯನ್ನು ದಾಖಲಿಸಿದರು. ನಾವು ಹೊಟ್ಟೆಗೆ ಅಲ್ಟ್ರಾಸೌಂಡ್ ಮಾಡುವುದಿಲ್ಲವೇ, ಅದೇ ರೀತಿ. ಟೆನೆಸಿ, ನಾರ್ತ್ ಕ್ಯಾರೊಲಿನಾ, ಜಾರ್ಜಿಯಾಗಳ ಫಲಿತಾಂಶ 1979ರಲ್ಲಿ ಬಂದಾಗ ಅನೇಕರು ಬೆರಗಾದರು. ಬೇರುಬಿಟ್ಟು ಅಲ್ಲೇ ಹುಟ್ಟಿದ್ದೆಂದು ತಿಳಿದಿದ್ದ ಬ್ಲೂ ರಿಜ್ ಬೆಟ್ಟಗಳು ನಿಜವಾಗಿ ತೆಳ್ಳಗಿನ ಹಾಳೆಯಂತೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಜಾರಿ ಬಂದು ಕೂತಿವೆ. ಅವುಗಳ ಕೆಳಗೆ ಹಳೆಯ ದಂಡೆಯ ಕೆಸರಿನ ಪದರಗಳು ಇನ್ನೂ ಮಟ್ಟಸವಾಗಿ ಮಲಗಿವೆ.

ಹಳೆಯ ಬಿರುಕುಗಳು ಅಚ್ಚಾಗಿ ಮಾತ್ರವಲ್ಲ, ಮತ್ತೆ ಮತ್ತೆ ಬಳಕೆಗೂ ಬರುತ್ತವೆ. ನ್ಯೂಜೆರ್ಸಿಯವರಿಗೆ ರಮಾಪೋ ಬೆಟ್ಟಗಳು ಗೊತ್ತು. ಅದರ ಬುಡದ ರಮಾಪೋ ಬಿರುಕು ಅತಿ ಪ್ರಾಚೀನವಾದದ್ದು, ಮುಂದಿನ ಕಾಲಗಳಲ್ಲಿ ಹಲವು ಸಲ ಜಾರಿದೆ. ಸುಮಾರು 20 ಕೋಟಿ ವರ್ಷದ ಹಿಂದೆ ಇಂದಿನ ಅಟ್ಲಾಂಟಿಕ್ ಬಿಡಿಸಿಕೊಳ್ಳುವಾಗ ಅದೇ ಬಿರುಕು ಮತ್ತೊಮ್ಮೆ ಕೆಳಕ್ಕೆ ಜಾರಿತು. ನಿಕೊಲಸ್ ರ‍್ಯಾಟ್‌ಕ್ಲಿಫ್ 1971ರಲ್ಲಿ ಇದನ್ನು ವಿವರಿಸುವಾಗ ನಮ್ಮ ವೈದ್ಯಶಾಸ್ತ್ರದ ಮಾತನ್ನೇ ಎರವಲು ಪಡೆದರು: ಭೂರಚನೆಯ ಆನುವಂಶಿಕತೆ. ಅದೇ ಸೀಳಿನ ಕಾಲದಲ್ಲಿ ದಕ್ಷಿಣ ಪೆನ್ಸಿಲ್ವೇನಿಯಾದಲ್ಲಿ ನೆಲದೊಳಗೆ ನುಗ್ಗಿ ಗಟ್ಟಿಯಾದ ಶಿಲಾರಸವೇ ಗೆಟಿಸ್‌ಬರ್ಗಿನ ದಿಣ್ಣೆಗಳು. 1863ರ ಜುಲೈ 1ರಿಂದ 3ರವರೆಗೆ ಲಿಂಕನ್ನರ ಸೈನ್ಯ ಬೆನ್ನು ಕೊಟ್ಟು ನಿಂತದ್ದು ಆ ಗಟ್ಟಿ ಕಲ್ಲಿನ ದಿಣ್ಣೆಯ ಮೇಲೆ. ದೇಶವೊಂದು ಒಡೆಯದಂತೆ ಕಾದವರು ನಿಂತ ನೆಲ, ಖಂಡವೊಂದು ಒಡೆದಾಗ ಹುಟ್ಟಿದ್ದು!

ಇಲ್ಲಿಯವರೆಗಿನದು ಇತಿಹಾಸವಾಯಿತು. ಇನ್ನು ನಮ್ಮ ಮನೆಗೆ ಬರೋಣ. ಹರೆಯದಲ್ಲಿ ಒಮ್ಮೆ ಭುಜದ ಕೀಲು ತಪ್ಪಿದವರಿಗೆ ಮುಂದೆ ಸಣ್ಣ ಎಳೆತಕ್ಕೂ ಅದೇ ಭುಜ ಮತ್ತೆ ತಪ್ಪುವುದನ್ನು ನಾವು ಆಸ್ಪತ್ರೆಯಲ್ಲಿ ನೋಡುತ್ತೇವೆ. ನೆಲಕ್ಕೂ ಈ ಮಾತು ಸಲ್ಲುತ್ತದೆ. ಭೂಫಲಕದ ಅಂಚಿನಿಂದ ಸಾವಿರಾರು ಮೈಲಿ ದೂರವಿದ್ದರೂ ಒತ್ತಡ ಕಲ್ಲಿನೊಳಗೆ ಹರಿದು ಬರುತ್ತದೆ, ಹಳೆಯ ದುರ್ಬಲ ಜಾಗವನ್ನು ಹುಡುಕುತ್ತದೆ. ಅಯಾಪೆಟಸ್ ತೆರೆದ ಯುಗದಲ್ಲಿ ಮಿಸಿಸಿಪ್ಪಿ ನದಿಯ ಕೆಳಗೂ ಒಂದು ಸೀಳು ಶುರುವಾಗಿ ಸಾಗರವಾಗದೆ ನಿಂತುಹೋಗಿತ್ತು. ಅದರ ಮೇಲೆಯೇ 1811ರ ಡಿಸೆಂಬರ್ 16ರಿಂದ 1812ರ ಫೆಬ್ರವರಿ 7ರವರೆಗೆ ನ್ಯೂ ಮ್ಯಾಡ್ರಿಡ್ ಎಂಬಲ್ಲಿ ಮೂರು ಮಹಾಕಂಪನಗಳಾದವು. ನೆಲ ಕುಸಿದು ಟೆನೆಸಿಯಲ್ಲಿ ರೀಲ್‌ಫುಟ್ ಸರೋವರವೇ ಉಂಟಾಯಿತು.

2001ರ ಜನವರಿ 26ರಂದು ಗುಜರಾತಿನ ಭುಜ್ ಪ್ರದೇಶದಲ್ಲಿ ಸುಮಾರು 20,000 ಜನ ಸತ್ತದ್ದನ್ನು ನಾವು ಯಾರೂ ಮರೆತಿಲ್ಲ. ಕಛ್ ಕೂಡ ಇಂಥದೇ ಹಳೆಯ ಸೀಳು, ಗೊಂಡ್ವಾನ ಖಂಡ ಒಡೆದ ಕಾಲದ್ದು. ಆಗ ಎಳೆತಕ್ಕೆ ಕೆಳಗೆ ಜಾರಿದ್ದ ಬಿರುಕುಗಳು, ಈಗ ಭಾರತ ಏಷ್ಯಾವನ್ನು ಒತ್ತುತ್ತಿರುವುದರಿಂದ ಹಿಮ್ಮುಖವಾಗಿ ಮೇಲಕ್ಕೆ ಜಾರುತ್ತಿವೆ. ಕಛ್‌ನ ಗುಡ್ಡಗಳು ಹಾಗೆ ಎದ್ದವು.

ನಮ್ಮ ಈ ಪ್ರದೇಶದಲ್ಲಿ 'ಭೂಕಂಪ ಕ್ಯಾಲಿಫೋರ್ನಿಯಾದವರ ತಲೆನೋವು' ಎಂಬ ನೆಮ್ಮದಿ ಬಹಳ ದಿನ ಇತ್ತು. 1886ರ ಆಗಸ್ಟ್ 31ರಂದು ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್ ನಗರ ಕುಸಿದದ್ದು ಯಾರಿಗೂ ನೆನಪಿರಲಿಲ್ಲ. 2011ರ ಆಗಸ್ಟ್ 23ರ ಮಧ್ಯಾಹ್ನ ವರ್ಜೀನಿಯಾದ ಮಿನರಲ್ ಎಂಬ ಸಣ್ಣ ಊರಿನ ಬಳಿ 5.8ರ ಕಂಪನವಾಯಿತು. ಖಂಡಗಳು ಕೂಡಿದಾಗ ಜಜ್ಜಿದ ಹಳೆಯ ಕಲ್ಲುಗಳ ನಡುವೆ, ಅದುವರೆಗೆ ನಕ್ಷೆಯಲ್ಲೇ ಇಲ್ಲದ ಬಿರುಕೊಂದು ಜಾರಿತ್ತು. ವಾಷಿಂಗ್ಟನ್ ಸ್ಮಾರಕ ಸ್ತಂಭ ಬಿರುಕು ಬಿಟ್ಟು 2014ರ ಮೇ ತಿಂಗಳವರೆಗೆ ಮುಚ್ಚಿತ್ತು. 2024ರ ಏಪ್ರಿಲ್ 5ರ ಬೆಳಿಗ್ಗೆ ನ್ಯೂಜೆರ್ಸಿಯ ವೈಟ್‌ಹೌಸ್ ಸ್ಟೇಷನ್ ಬಳಿ, ರಮಾಪೋ ಬಿರುಕಿನ ನೆರೆಯಲ್ಲೇ, 4.8ರ ಕಂಪನವಾಯಿತು. ಇಲ್ಲಿನ ಕಲ್ಲು ಹಳೆಯದು, ತಣ್ಣಗಿನದು, ಗಟ್ಟಿ. ಗಟ್ಟಿ ಕಲ್ಲಿನಲ್ಲಿ ಅಲೆ ದೂರ ಹೋಗುತ್ತದೆ. ಆದ್ದರಿಂದ ಅಷ್ಟೇ ಗಾತ್ರದ ಕಂಪನ ಕ್ಯಾಲಿಫೋರ್ನಿಯಾಕ್ಕಿಂತ ಇಲ್ಲಿ ಎಷ್ಟೋ ಹೆಚ್ಚು ಜನರಿಗೆ ತಟ್ಟುತ್ತದೆ.

ಇದನ್ನು ಹೆದರಿಸಲು ಬರೆಯುತ್ತಿಲ್ಲ. ದೊಡ್ಡ ಕಂಪನಗಳು ಇಲ್ಲಿ ಅಪರೂಪ, ಯಾವ ದಿನ ಎಂದು ಹೇಳಬಲ್ಲವರು ಯಾರೂ ಇಲ್ಲ. ಆದರೆ ಅಪರೂಪ ಎಂದರೆ ಅಸಂಭವ ಎಂದಲ್ಲ. ನಡುಕ ಬಂದಾಗ ಬಾಗಿಲಿಗೆ ಓಡದೆ ಗಟ್ಟಿ ಮೇಜಿನ ಕೆಳಗೆ ಸೇರಿ ಅದರ ಕಾಲು ಹಿಡಿದುಕೊಳ್ಳುವುದನ್ನು ಮಕ್ಕಳಿಗೆ ಹೇಳಿಕೊಡಿ. ಊರಿನಿಂದ ಬಂದಿರುವ ಅಪ್ಪ ಅಮ್ಮನಿಗೂ ಹೇಳಿ. ಇಲ್ಲಿನ ಸಾಮಾನ್ಯ ಮನೆವಿಮೆಯಲ್ಲಿ ಭೂಕಂಪದ ನಷ್ಟ ಸೇರಿರುವುದಿಲ್ಲ, ಅದಕ್ಕೆ ಬೇರೆಯೇ ಸೇರಿಸಬೇಕು. ನಿಮ್ಮ ಪಾಲಿಸಿಯನ್ನು ಒಮ್ಮೆ ತೆಗೆದು ಓದಿ.

ಅಮೆರಿಕಕ್ಕೆ ಇತಿಹಾಸವಿಲ್ಲ, ಎಲ್ಲ ಇನ್ನೂರೈವತ್ತು ವರ್ಷದ್ದು ಎಂದು ನಮ್ಮ ಕೂಟದ ಹರಟೆಗಳಲ್ಲಿ ಆಗಾಗ ಕೇಳಿಬರುತ್ತದೆ. ಶರದೃತುವಿನ ಬಣ್ಣ ನೋಡಲು ಶೆನಂಡೋವಾಕ್ಕೆ ಹೋದಾಗ ಕಾಂಪ್ಟನ್ ಪೀಕಿನ ಆ ಕಲ್ಲಿನ ಕಂಬಗಳ ಬಳಿ ಐದು ನಿಮಿಷ ನಿಲ್ಲಿ. ಮಕ್ಕಳಿಗೆ ಮಲ್ಪೆಯ ದ್ವೀಪದ ಚಿತ್ರವನ್ನೂ ತೋರಿಸಿ. ಒಂದು ಅಜ್ಜಿಮನೆಯ ಕಡಲಿನದು, ಇನ್ನೊಂದು ಅವರು ಬೆಳೆದ ನೆಲದ್ದು. ಎರಡೂ ನೆಲ ಸೀಳಿದ ದಿನಗಳ ಗುರುತು. ಒಂದರ ಮೇಲೆ ಇನ್ನೂ ಅಲೆ ಬಡಿಯುತ್ತಿದೆ, ಇನ್ನೊಂದರ ಮೇಲೆ ಬೆಟ್ಟ ಎದ್ದು ಸವೆಯುತ್ತಿದೆ.